ಅಯಸ್ಕಾಂತಕ್ಕೆ ಅಂಟದ ಕಾರು

ಜಹಾನಾರಾ ಆಂಟಿಗೆ ಐವತ್ತೆಂಟು. ನ್ಯೂಜಿಲೆಂಡಿನ ಕ್ರೈಸ್ಟ್‌ಚರ್ಚ್ ಊರಿನ ಹಾರ್ನ್‌ಬಿ ಬಡಾವಣೆಯಲ್ಲಿ ನನ್ನ ಪಕ್ಕದ ಮನೆಯವರು. ನಾನು ಆಸ್ಪತ್ರೆಯಲ್ಲಿ ನರ್ಸು. ಡ್ಯೂಟಿ ಮುಗಿಸಿ ಬಂದು ಮಲಗಿದರೆ ಅವರ ಗ್ಯಾರೇಜಿನ ಸುತ್ತಿಗೆ ಸದ್ದಿಗೆ ಕಣ್ಣು ಹತ್ತುತ್ತಿರಲಿಲ್ಲ. ಜಗಳ ಆಡಿಯೇ ಬಿಡೋಣವೆಂದು ಒಂದು ದಿನ ಹೋದೆ. ಹೋದವಳು ಟೀ ಕುಡಿದು, ಅವರು ಬಡಿಯುತ್ತಿದ್ದ ಕಾರಿನ ಬಾಗಿಲನ್ನು ಎರಡು ಗಂಟೆ ಹಿಡಿದುಕೊಂಡು ನಿಂತು ಬಂದೆ. ಆಂಟಿ ಅಂಥ ಹೆಂಗಸು.

ಅವರ ಅಪ್ಪ ರಾಣೆಬೆನ್ನೂರಿನಲ್ಲಿ ಪಾತ್ರೆಗಳಿಗೆ ಕಲಾಯಿ ಹಾಕುತ್ತಿದ್ದವರು. ಅಣ್ಣಂದಿರು ಗ್ಯಾರೇಜು ತೆರೆದು ಟಿಂಕರಿಂಗ್ ಶುರು ಮಾಡಿದಾಗ, ಹೆಣ್ಣುಮಗಳಿಗೆ ಇದೆಲ್ಲ ಯಾಕೆ ಎಂದವರಿಗೆ ಕಿವಿಗೊಡದೆ ಇವರೂ ಸುತ್ತಿಗೆ ಹಿಡಿದರು. ಇಲ್ಲಿಗೆ ಬಂದ ಮೇಲೆ ಕಾರು ರಿಪೇರಿ ಅಂಗಡಿಯೊಂದರಲ್ಲಿ ಕಸ ಗುಡಿಸುವ ಕೆಲಸಕ್ಕೆ ಸೇರಿ, ವರ್ಷದೊಳಗೆ ಅಲ್ಲಿನ ಡೊಂಕು ಬಾಗಿಲುಗಳನ್ನೆಲ್ಲ ನೆಟ್ಟಗೆ ಮಾಡತೊಡಗಿದರು. ಆ ಅಂಗಡಿಯ ಗೋಡೆಯ ಮೇಲಿದ್ದ ಹಳೆಯ ಫೋಟೋಗಳೇ ಅವರ ತಲೆ ಕೆಡಿಸಿದ್ದು.

ಅವುಗಳಲ್ಲಿದ್ದದ್ದು ಮೂವತ್ತು, ನಲವತ್ತರ ದಶಕದ ಕ್ಯಾಲಿಫೋರ್ನಿಯಾದ ಕೆಲವು ಹುಡುಗರ ಕಾರುಗಳು. ಆ ಹುಡುಗರು, ಕಂಪನಿ ಕೊಟ್ಟ ಕಾರನ್ನು ಕೊಟ್ಟ ಹಾಗೆಯೇ ಇಟ್ಟುಕೊಳ್ಳಲು ಒಪ್ಪಲಿಲ್ಲ. ಟಾಪನ್ನು ಕತ್ತರಿಸಿ ತಗ್ಗಿಸಿದರು. ಹಿಡಿಕೆ, ಲಾಂಛನಗಳನ್ನು ಕಿತ್ತೆಸೆದರು. ಸಂದುಗಳಿಗೆ ಸೀಸ ಕರಗಿಸಿ ತುಂಬಿ, ನುಣ್ಣಗೆ ಉಜ್ಜಿ, ಬಣ್ಣ ಬಳಿದರು. ಸೀಸದ ಬದಲು ಮೆತ್ತುವ ಪುಟ್ಟಿ, ಒಣಗಿ ಗಟ್ಟಿಯಾಗುವ ಆ ಸುಲಭದ ಲೇಪ, ಬಂದದ್ದು ಆಮೇಲೆ.

"ಸೀಸ, ತವರ ಕರಗಸೂದು ನಮ್ಮಪ್ಪನ ಕೆಲಸ," ಎಂದರು ಆಂಟಿ. "ಇದನ್ನ ನಾ ಮಾಡದ ಮತ್ಯಾರು ಮಾಡಬೇಕವಾ?"

ಡಾರ್ಫೀಲ್ಡ್ ಕಡೆಯ ತೋಟದ ಶೆಡ್ಡೊಂದರಲ್ಲಿ ತುಕ್ಕು ಹಿಡಿಯುತ್ತಿದ್ದ 1948ರ ಫೋರ್ಡ್ ಪ್ರಿಫೆಕ್ಟ್ ತಂದು, ಟಾಪನ್ನು ಮೂರು ಇಂಚು ತಗ್ಗಿಸಿ, ಸೀಸ ತುಂಬಿ, ನೇರಳೆ ಬಣ್ಣ ಹೊಡೆದು ಹಳೆ ಕಾರುಗಳ ಪ್ರದರ್ಶನಕ್ಕೆ ಒಯ್ದರು. ಅಲ್ಲಿ, ಎಲ್ಲರೆದುರು, ಬಣ್ಣದ ತುಂಬ ಬೊಕ್ಕೆ ಎದ್ದಿತ್ತು. ಅಗ್ಗದ ಪುಟ್ಟಿ ಮೆತ್ತಿಸಿ ಸೀಸ ಎನ್ನುತ್ತಾಳೆ ಎಂದು ಜನ ಆಡಿಕೊಂಡರು. ಆಗಿದ್ದೇ ಬೇರೆ. ಸೀಸ ಕಚ್ಚಿಕೊಳ್ಳಲೆಂದು ಮೊದಲು, ಅಪ್ಪನ ಹಾಗೆಯೇ ಇವರೂ ನವಸಾಗರದ ಉಪ್ಪು ಉದುರಿಸಿ, ಅರಳೆಯಿಂದ ಒರೆಸಿ ತವರ ಹಿಡಿಸಿದ್ದರು.

"ಪಾತ್ರಿ ಆದ್ರ ಆಮ್ಯಾಲೆ ನೀರಾಗ ಅದ್ದತೀವಿ, ಉಪ್ಪು ತೊಳದು ಹೋಗತೈತಿ. ಕಾರ್ ಅದ್ದಾಕ ಬರತೈತೇನು? ಒಳಗ ಉಳದ ಉಪ್ಪೇ ಬಣ್ಣ ಎಬ್ಬಿಸಿತು. ಅದು ನನ್ನ ತಲಿಗೆ ಹೊಳೀಲಿಲ್ಲ ನೋಡು."

ಎಲ್ಲವನ್ನೂ ಕೆರೆದು ತೆಗೆದರು. ಮತ್ತೆ ಸೀಸ ತುಂಬಿ, ಅಡುಗೆ ಸೋಡಾದ ನೀರಿನಲ್ಲಿ ಏಳು ಸಲ ತೊಳೆದು ಬಣ್ಣ ಹೊಡೆಯಲು ಎರಡು ವರ್ಷ ಹಿಡಿಯಿತು. ಕಳೆದ ಫೆಬ್ರವರಿಯಲ್ಲಿ ಅದೇ ಪ್ರದರ್ಶನಕ್ಕೆ, ಅದೇ ಜನರ ಮುಂದೆ, ಸೀಸವನ್ನೇ ತುಂಬಿದ ಹಳೆ ಪದ್ಧತಿಯ ಕಾರುಗಳ ಸಾಲಿನಲ್ಲಿ ತಂದು ನಿಲ್ಲಿಸಿದರು. ನಾನೂ ಜೊತೆಗಿದ್ದೆ. ಆಂಟಿಗೆ ಸುಳ್ಳುಗಾತಿ ಎಂಬ ಹೆಸರು ತೊಳೆದುಕೊಳ್ಳಬೇಕಿತ್ತು, ಅಷ್ಟೇ.

ತೀರ್ಪುಗಾರ ಟಾಪಿನ ಸಂದಿನ ಮೇಲೆ ಅಯಸ್ಕಾಂತ ಇಟ್ಟ. ಅದು ಜಾರಿ ಬಿತ್ತು. ಅವನು ಆಂಟಿಯ ಕಡೆ ತಿರುಗಲೂ ಇಲ್ಲ, ಗಂಡ ಸಮೀಉಲ್ಲಾ ಅಂಕಲ್‌ಗೆ ಹೇಳಿದ: "ಅಂಟದಿದ್ದರೆ ಸೀಸ ಇರಬೇಕು, ಇಲ್ಲವೇ ಪುಟ್ಟಿ. ಈಗ ಸೀಸ ಯಾರು ಹಾಕುತ್ತಾರೆ? ಹಿಂದಿನ ಸಲ ನಾವೆಲ್ಲ ನೋಡಿದ್ದೇವಲ್ಲ. ಕಾರನ್ನು ಆ ಕಡೆಯ ಹೊಸ ಪದ್ಧತಿಯ ಸಾಲಿಗೆ ಒಯ್ಯಿರಿ." ಹಾಳೆಯಲ್ಲಿ 'ಪುಟ್ಟಿ' ಎಂದು ಬರೆದ. ಮಾಡಿದವರು ಎಂಬಲ್ಲಿ, ಯಾರನ್ನೂ ಕೇಳದೆ, ಅಂಕಲ್ ಹೆಸರನ್ನು ಮೊದಲೇ ಬರೆದಿಟ್ಟಿದ್ದ. ನನಗೆ ಮೈಯೆಲ್ಲ ಉರಿಯಿತು.

"ನನಗ ಟೀ ಮಾಡೂದು ಬಿಟ್ರ ಏನೂ ಬರಂಗಿಲ್ಲ, ಇವನಿಗೆ ಯಾರು ಹೇಳಬೇಕು," ಎಂದು ಅಂಕಲ್ ಗೊಣಗಿದರು.

ಆಂಟಿ ಡಿಕ್ಕಿಯಿಂದ ಕೆರೆಯುವ ಉಳಿ ತೆಗೆದರು. ಅಂಕಲ್ ಗಾಬರಿಯಾಗಿ ನನ್ನತ್ತ ತಿರುಗಿದರು. "ನೀನರ ಹೇಳವಾ ಚಂದ್ರಿಕಾ! ಎರಡು ವರ್ಷದ ದುಡಿತ ಅದು. ಬೇರೆ ಸಾಲಿನಾಗ ನಿಂತ್ರ ಏನಾತು?"

ನಾನು ಪಕ್ಕಕ್ಕೆ ಸರಿದು ಆಂಟಿಗೆ ಜಾಗ ಬಿಟ್ಟೆ. ಕೆರೆಯಲಿ ಎಂದೇ ನನಗೂ ಅನ್ನಿಸುತ್ತಿತ್ತು.

ಟಾಪಿನ ನಟ್ಟನಡುವಿನ ಅದೇ ಸಂದಿನ ಮೇಲೆ, ಎಲ್ಲರಿಗೂ ಕಾಣುವಲ್ಲಿ, ಆಂಟಿ ಉಳಿ ಇಟ್ಟು ಎಳೆದರು. ನೇರಳೆ ಬಣ್ಣ ಸಿಪ್ಪೆ ಎದ್ದಿತು. ಇನ್ನೊಮ್ಮೆ ಒತ್ತಿ ಎಳೆದರು. ಪುಟ್ಟಿಯಾಗಿದ್ದರೆ ಪುಡಿ ಉದುರಬೇಕಿತ್ತು. ಬಂದದ್ದು ಹೊಳೆಯುವ ಲೋಹದ ಸುರುಳಿ. ಅದನ್ನು ತೀರ್ಪುಗಾರನ ಅಂಗೈಗೆ ಹಾಕಿದರು.

ಅವನು ಅದನ್ನು ಬೆರಳಲ್ಲಿ ಬಾಗಿಸಿ ನೋಡಿ ಕೆಂಪಗಾದ. "ಕ್ಷಮಿಸಿ. ಕಾರು ಇದೇ ಸಾಲಿನಲ್ಲಿರಲಿ. ಆದರೆ ಬಣ್ಣ ಹಾಳಾಗಿದೆ, ಅಂಕ ಕಳೆಯಲೇಬೇಕು. ಇನ್ನು ಬಹುಮಾನ ಬರಲಾರದು."

"ಬಹುಮಾನ ನೀವೇ ಇಟ್ಟುಕೊಳ್ಳಿ," ಎಂದರು ಆಂಟಿ ಇಂಗ್ಲಿಷಿನಲ್ಲೇ. "ಆ ಪುಟ್ಟಿಯನ್ನು ಹೊಡೆದುಹಾಕಿ ಸೀಸ ಎಂದು ಬರೆಯಿರಿ. ಇವರ ಹೆಸರನ್ನೂ ಹೊಡೆದುಹಾಕಿ. ಮಾಡಿದವಳು ನಾನು."

ಅವನು ಎರಡನ್ನೂ ಹೊಡೆದುಹಾಕಿದ. ಪೆನ್ನು ಹಿಡಿದು, ಈ ಸಲ ನೇರವಾಗಿ ಆಂಟಿಯನ್ನೇ ನೋಡುತ್ತ, ಹೆಸರು ಹೇಗೆ ಬರೆಯುವುದೆಂದು ಕೇಳಿದ. ಆಂಟಿ ಒಂದೊಂದೇ ಅಕ್ಷರವಾಗಿ, ಸಾಲಿನ ಕೊನೆಯ ಕಾರಿನವನಿಗೂ ಕೇಳುವಷ್ಟು ಜೋರಾಗಿ, ತಮ್ಮ ಹೆಸರು ಹೇಳಿದರು.