ಮುಂಡರಗಿಯ ಬಿಸಿಲಲ್ಲಿ ನಾನು ನಡುಗಿದ್ದು

ಎಪ್ಪತ್ತರ ದಶಕ ಮುಗಿಯುತ್ತ ಬಂದಿದ್ದಾಗ ನಾನು ಮುಂಡರಗಿಯ ಹೆಣ್ಣುಮಕ್ಕಳ ಹೈಸ್ಕೂಲೊಂದರಲ್ಲಿ ವಿಜ್ಞಾನ ಕಲಿಸುತ್ತಿದ್ದೆ. ಅದೇ ಶಾಲೆಯ ಹಿಂದಿ ಟೀಚರ್ ನನ್ನ ಕೋಣೆಯ ಗೆಳತಿ. ಆಕೆ ಲಕ್ಷ್ಮೇಶ್ವರದ ಬಳೆ ವ್ಯಾಪಾರಿಗಳ ಮನೆಯ ಮುಸ್ಲಿಂ ಹುಡುಗಿ. ನಾನು ಗದಗಿನ ಪೂಜಾರರ ಮನೆಯವಳು. ಎರಡೂ ಮನೆಯವರು ಒಂದು ತಿಂಗಳು ಗೊಣಗಿ, ಬಾಡಿಗೆ ಅರ್ಧ ಉಳಿಯುತ್ತದೆಂದು ತಿಳಿದ ಮೇಲೆ ಸುಮ್ಮನಾದರು.

ನಾನು ಸಣ್ಣಂದಿನಿಂದ ಪ್ರಸಾದ ತಿಂದು ಬೆಳೆದವಳು, ಮೈ ಅದಕ್ಕೆ ಸಾಕ್ಷಿಯಾಗಿತ್ತು. ಗೆಳತಿ ಒಣಗಿದ ತೊಗರಿಕಟ್ಟಿಗೆ. ನನಗೆ ಮಾಗಿಯಲ್ಲೂ ಬೆವರು, ಆಕೆಗೆ ಯುಗಾದಿಯಲ್ಲೂ ಚಳಿ. ಕಪ್ಪತಗುಡ್ಡದ ಕಡೆಯಿಂದ ಗಾಳಿ ಬೀಸಿತೆಂದರೆ ಸಾಕು, ತನ್ನ ಎರಡೂ ಅಂಗೈಗಳನ್ನು ನನ್ನ ಕುತ್ತಿಗೆಗೆ ಹಚ್ಚಿ, "ಆಹಾ, ಒಲಿ ಐತಿ ಒಲಿ" ಎನ್ನುತ್ತಿದ್ದಳು. ನಮ್ಮಿಬ್ಬರಿಗೂ ಊಟ ಹಾಕುತ್ತಿದ್ದವಳು ಮನೆಯ ಒಡತಿ. ನಾವು ಆಕೆಯನ್ನು ಆಯಿ ಎನ್ನುತ್ತಿದ್ದೆವು. ಹಿರೇವಡ್ಡಟ್ಟಿಯ ತನ್ನ ಹೊಲದ ಜೋಳದಲ್ಲಿ ಆಯಿ ಬಡಿದ ರೊಟ್ಟಿಯನ್ನು ನಾನು ನಾಲ್ಕು ತಿನ್ನುತ್ತಿದ್ದೆ. ಮೇಲೆ ಶೇಂಗಾ ಚಟ್ನಿ, ಎಣ್ಣೆಬದನೆಕಾಯಿ, ಕೆನೆಮೊಸರು.

ಒಂದು ಜನವರಿಯ ಕೊನೆಯಲ್ಲಿ ಶಾಲೆಯ ಪ್ರಯೋಗಾಲಯಕ್ಕೆ ಸಾಮಾನು ಬಂದಿದೆಯೆಂದು ಗದಗ ಸ್ಟೇಶನ್ನಿನಿಂದ ಪತ್ರ ಬಂತು. ಪಾರ್ಸೆಲ್ ಬಿಡಿಸಿಕೊಳ್ಳಲು ಹೆಡ್‌ಮಾಸ್ತರರು, ನಾನು, ಗೆಳತಿ ಮೂವರೂ ಹೋದೆವು. ಗುಮಾಸ್ತ ಚಹಾಕ್ಕೆ ಹೋಗಿದ್ದ. ಹೊತ್ತು ಕಳೆಯಲು ಹೆಡ್‌ಮಾಸ್ತರರು ಪ್ಲಾಟ್‌ಫಾರ್ಮಿನ ತೂಕದ ಯಂತ್ರ ಹತ್ತಿದರು. ಆರಡಿ ಆಳು, ಮೇಲೆ ಉಣ್ಣೆಯ ಕೋಟು, ಕೈಯಲ್ಲಿ ಕೊಡೆ, ಬಗಲಲ್ಲಿ ಫೈಲು. ಯಂತ್ರದ ದೀಪಗಳು ಗಿರಗಿರ ತಿರುಗಿ ಚೀಟಿ ಬಿತ್ತು. ಆಮೇಲೆ ನಾನು ಹತ್ತಿದೆ.

ನನ್ನ ಚೀಟಿಯನ್ನು ಗೆಳತಿ ಕಸಿದುಕೊಂಡು ಎರಡನ್ನೂ ಪಕ್ಕಪಕ್ಕ ಹಿಡಿದಳು. "ಸರ್, ನಿಮಗಿಂತ ನಾಕು ಕಿಲೋ ಹೆಚ್ಚ ಅದಾಳ್ರಿ ಇಕಿ! ನಿಮ್ಮ ಕೊಡಿ ಸಮೇತ!"

ಹೆಡ್‌ಮಾಸ್ತರರು ಒಳ್ಳೆಯ ಮನುಷ್ಯರು. ಯಂತ್ರವನ್ನು ಕೊಡೆಯಿಂದ ಎರಡು ಸಲ ಬಡಿದು, "ಮಿಶಿನ್ ಕೆಟ್ಟೈತಿ ಬಿಡ್ರಿ ಅಕ್ಕೋರ" ಎಂದರು. ಆ ಸಮಾಧಾನದ ಮಾತೇ ನನ್ನನ್ನು ಕೊಂದಿತು. ಮುಂಡರಗಿಯ ಬಸ್ಸಿನಲ್ಲಿ ಪಾರ್ಸೆಲ್ ತೊಡೆಯ ಮೇಲಿಟ್ಟುಕೊಂಡು ಕುಳಿತು ಊರು ಬರುವವರೆಗೂ ಆ ನಾಲ್ಕು ಕಿಲೋವನ್ನೇ ಲೆಕ್ಕ ಹಾಕಿದೆ. ಮರುದಿನದಿಂದ ಊಟ ಬಿಡುವುದೆಂದು ನಿಶ್ಚಯಿಸಿದ್ದೆ.

ಆಯಿಗೆ ಹೇಳಿದಾಗ ಆಕೆಗೆ ಉತ್ಸಾಹವೇ ಬಂತು. "ಹುರಳಿ ಕಟ್ಟು ಕುಡಿ ಸಾಕು. ಕುದರಿಗೆ ಹುರಳಿನ ಹಾಕ್ತಾರ. ಬೊಜ್ಜು ಬಂದ ಕುದರಿ ಎಲ್ಲೆರ ನೋಡಿಯೇನು?" ವಿಜ್ಞಾನದ ಟೀಚರಾದ ನಾನು ಈ ತರ್ಕವನ್ನು ಒಪ್ಪಿ ತಲೆಯಾಡಿಸಿದೆ. ಹೀಗೆ ಬೆಳಿಗ್ಗೆ ಒಂದು ಲೋಟ ಹುರಳಿ ಕಟ್ಟು, ಮಧ್ಯಾಹ್ನ ಅರ್ಧ ರೊಟ್ಟಿ, ಸಂಜೆ ನೀರುಮಜ್ಜಿಗೆ ಶುರುವಾಯಿತು. ಆದರೆ ಆಯಿಯ ಕೈಗೆ ರೂಢಿ ಬಿದ್ದಿತ್ತು. ರೊಟ್ಟಿ ಬಡಿಯುವುದು ಕಡಿಮೆಯಾಗಲಿಲ್ಲ. ಮಿಕ್ಕ ಮೂರೂವರೆ ರೊಟ್ಟಿಯನ್ನು ನೋಡಿ ಗೆಳತಿ, "ಅನ್ನ ಚೆಲ್ಲಿದ್ರ ಪಾಪ ಬರ್ತೈತಿ" ಎಂದು ತನ್ನ ತಾಟಿಗೆ ಎಳೆದುಕೊಂಡಳು.

ಮೊದಲ ವಾರ ಹಸಿವು. ಎರಡನೇ ವಾರ ಸಿಟ್ಟು. ಹಲ್ಲಿ ಲೊಚಗುಟ್ಟಿದರೂ ನನಗೆ ಅದು ಏನೋ ತಿನ್ನುತ್ತಿದೆ ಅನಿಸುತ್ತಿತ್ತು. ಮೂರನೇ ವಾರದಲ್ಲಿ ಚಳಿ ಬಂತು. ಶಿವರಾತ್ರಿ ಕಳೆದು ಬಿಸಿಲು ಬಲಿಯುತ್ತಿದ್ದ ದಿನಗಳು. ಊರಿನ ನಾಯಿಗಳು ಗಟಾರಿನಲ್ಲಿ ಮಲಗುತ್ತಿದ್ದವು. ನಾನು ಮಾತ್ರ ಟ್ರಂಕಿನ ತಳದಿಂದ ಗೆಳತಿಯ ನೀಲಿ ಸ್ವೆಟರ್ ಎಳೆದು ಹಾಕಿಕೊಂಡೆ. ತೋಳು ಮೊಣಕೈಗೇ ನಿಂತಿತು.

ಇತ್ತ ಗೆಳತಿಗೆ ಏನೋ ಹೊಕ್ಕಿತು. ಮೂರೂವರೆ ರೊಟ್ಟಿ ಹೆಚ್ಚು ತಿಂದರೂ ಆಕೆ ಗುಂಜಿಯಷ್ಟೂ ದಪ್ಪಗಾಗಲಿಲ್ಲ. ಕುಳಿತಲ್ಲಿ ಕುಳಿತುಕೊಳ್ಳುವುದನ್ನು ಬಿಟ್ಟಳು. ಕೋಣೆಯ ಕಸ ದಿನಕ್ಕೆ ಮೂರು ಸಲ ಹೊಡೆಯುವುದು, ಆಯಿಯ ಕಟ್ಟೆಗೆ ತಾನಾಗಿ ಸುಣ್ಣ ಬಳಿಯುವುದು, ನಮಾಜು ಮುಗಿಸಿ ಎದ್ದವಳು ಬಾವಿಯಿಂದ ಇಡೀ ಓಣಿಗೆ ಆಗುವಷ್ಟು ನೀರು ಸೇದುವುದು. ಹುಡುಗಿಯರಿಗೆ ಖೋಖೋ ಕಲಿಸುತ್ತೇನೆಂದು ಹೊರಟು ತಾನೇ ಓಡಿದಳು. "ಮೈ ಸುಡಾಕತ್ತೈತಿ, ಕಿಟಕಿ ತಗೀ" ಎನ್ನುವಳು. "ಮುಚ್ಚು, ಗಾಳಿ ಬರ್ತೈತಿ" ಎನ್ನುವವಳು ಈಗ ನಾನು.

ಪಾರ್ಸೆಲಿನಲ್ಲಿ ಬಂದ ಸಾಮಾನಿನಲ್ಲಿ ಜ್ವರ ನೋಡುವ ಥರ್ಮಾಮೀಟರು ಇತ್ತು. ಅದನ್ನು ಬಾಯಲ್ಲಿಟ್ಟುಕೊಂಡು ನೋಡಿದರೆ ಪಾದರಸ ತೊಂಬತ್ತಾರರ ಸನಿಹದಲ್ಲೇ ಕುಳಿತಿತ್ತು, ನನ್ನಂತೆಯೇ ಮೇಲೇಳಲು ಬೇಸರಪಟ್ಟು.

ಆ ವಾರವೇ ಒಂಬತ್ತನೆಯ ತರಗತಿಗೆ ಆಹಾರದ ಪಾಠ. ಕುರ್ಚಿಯಲ್ಲಿ ಕುಳಿತೇ ಹೇಳಿದೆ, ನಿಲ್ಲಲು ಶಕ್ತಿ ಇರಲಿಲ್ಲ. "ಆಹಾರ ಅಂದರೆ ದೇಹದ ಇಂಧನ. ಉಂಡ ಊಟ ಒಳಗೆ ನಿಧಾನಕ್ಕೆ ಉರಿದು ಶಾಖ ಕೊಡುತ್ತದೆ. ಇಂಧನ ಕಡಿಮೆಯಾದರೆ ಏನಾಗುತ್ತದೆ?"

ಡೋಣಿ ಹಳ್ಳಿಯಿಂದ ಬರುತ್ತಿದ್ದ ಹುಡುಗಿಯೊಬ್ಬಳು ಎದ್ದು ನಿಂತು ನನ್ನ ಸ್ವೆಟರನ್ನು ಮೇಲಿಂದ ಕೆಳಗೆ ನೋಡಿದಳು. "ಒಲಿ ಆರತೈತ್ರಿ ಅಕ್ಕೋರ." ಕೇಳಬೇಕಾದದ್ದನ್ನು ಕೇಳಿಸಿಕೊಂಡಿದ್ದೆ. ಆದರೂ ಹಟ ಬಿಡಲಿಲ್ಲ.

ಮರುದಿನ ಸಂಜೆ ಮನೆಮನೆ ತಿರುಗುವ ಮಲೇರಿಯಾ ಇಲಾಖೆಯ ಮನುಷ್ಯ ಬಂದ. ಯಾರಿಗೆ ಜ್ವರ ಬಂದರೂ ಬೆರಳು ಚುಚ್ಚಿ ಒಂದು ಹನಿ ರಕ್ತ ಒಯ್ಯುವುದು ಅವನ ಕೆಲಸ. ಬಿಸಿಲು ಬೀಳುವ ಕಟ್ಟೆಯ ಮೇಲೆ ಸ್ವೆಟರ್ ಹಾಕಿ, ಕೌದಿ ಹೊದ್ದು ನಡುಗುತ್ತ ಕುಳಿತಿದ್ದ ನನ್ನನ್ನು ಕಂಡು ಅವನ ಮುಖ ಅರಳಿತು.

"ಅಕ್ಕೋರ, ಬಟ್ಟು ಕೊಡ್ರಿ."

"ನನಗ ಜ್ವರ ಇಲ್ಲೋ ಮಾರಾಯಾ. ನಾ ಊಟ ಬಿಟ್ಟೀನಿ."

"ಊಟ ಸೇರವಲ್ದೇನ್ರಿ? ಹಂಗಂದ್ರ ಖರೆನ ಮಲೇರಿಯಾ."

"ಸೇರತೈತಿ! ಭಾಳ ಸೇರತೈತಿ! ಅದಕ್ಕ ಬಿಟ್ಟೀನಿ!"

ಅವನು ಆಯಿಯ ಕಡೆ ತಿರುಗಿ ತಗ್ಗಿದ ದನಿಯಲ್ಲಿ, "ತಲಿಗೆ ಏರಿದಂಗ ಕಾಣತೈತಿ" ಎಂದ. ಬೆರಳು ಚುಚ್ಚಿಯೇ ಬಿಟ್ಟ. ಕಹಿಗುಳಿಗೆಗಳನ್ನು ಕೊಟ್ಟು, ನುಂಗುವವರೆಗೂ ಎದುರಿಗೇ ನಿಂತ. ಬರಿಹೊಟ್ಟೆಗೆ ಬಿದ್ದ ಗುಳಿಗೆ ಹತ್ತು ನಿಮಿಷದಲ್ಲಿ ಆಯಿಯ ಹೊಸ ಸುಣ್ಣದ ಕಟ್ಟೆಯ ಮೇಲೆ ವಾಪಸು ಬಂತು.

ಸುದ್ದಿ ಹಬ್ಬಿತು. ಒಂಬತ್ತನೆಯ ತರಗತಿಯಲ್ಲಿ ಮೊದಲ ಎರಡು ಬೆಂಚುಗಳು ಖಾಲಿಯಾದವು. ಸೊಳ್ಳೆ ನನ್ನನ್ನು ಕಚ್ಚಿ ತಮ್ಮನ್ನು ಕಚ್ಚೀತೆಂದು ಹುಡುಗಿಯರೆಲ್ಲ ಹಿಂದೆ ಸರಿದಿದ್ದರು. ಹೆಡ್‌ಮಾಸ್ತರರು ಕರೆದು ನಾಲ್ಕು ದಿನ ರಜೆ ಹಾಕಲು ಹೇಳಿದರು.

ರಜೆಯಲ್ಲಿ ಗದಗಿಗೆ ಹೋದವಳು ಮನೆಗೂ ಮೊದಲು ಸ್ಟೇಶನ್ನಿಗೇ ಹೋದೆ. ಸ್ವೆಟರ್ ತೆಗೆದು ಯಂತ್ರ ಹತ್ತಬೇಕೆಂದಿದ್ದೆ, ಚಳಿಗೆ ಧೈರ್ಯ ಬರಲಿಲ್ಲ. ಚೀಟಿ ನೋಡಿದೆ. ಒಂದೂವರೆ ಕಿಲೋ ಇಳಿದಿತ್ತು. ಅಷ್ಟು ದಿನಗಳ ಹುರಳಿ ಕಟ್ಟಿಗೆ, ಸಿಟ್ಟಿಗೆ, ಚುಚ್ಚಿಸಿಕೊಂಡ ಬೆರಳಿಗೆ ಒಂದೂವರೆ ಕಿಲೋ. ಬೆಂಚಿನ ಮೇಲೆ ಕುಳಿತು ಯೋಚಿಸಿದೆ. ಊಟ ಬಿಟ್ಟ ದಿನದಿಂದ ನಾನು ನಡೆಯುವುದನ್ನೂ ಬಿಟ್ಟಿದ್ದೆ, ಎದ್ದು ಪಾಠ ಮಾಡುವುದನ್ನೂ, ನಗುವುದನ್ನೂ ಬಿಟ್ಟಿದ್ದೆ. ಒಳಗೆ ಬರುವುದು ಕಡಿಮೆಯಾದಂತೆ ಮೈ ಖರ್ಚನ್ನೂ ಬಿಗಿ ಮಾಡಿತ್ತು, ನಮ್ಮ ಸೋದರತ್ತೆಯಂತೆ.

ಅಂದು ಅವ್ವ ಮಾಡಿದ ಶೇಂಗಾ ಹೋಳಿಗೆಯನ್ನು ಎಣಿಸದೆ ತಿಂದೆ. ಅವ್ವ ತುಪ್ಪ ಹಾಕುತ್ತ ಹೋದಳು. ಮೂರನೇ ದಿನ ಮಧ್ಯಾಹ್ನ ನನ್ನ ಮೇಲ್ದುಟಿಯ ಮೇಲೆ ಒಂದು ಹನಿ ಬೆವರು ಮೂಡಿತು. ಅದನ್ನು ಒರೆಸಿಕೊಳ್ಳಲು ಮನಸ್ಸಾಗದೆ ಕನ್ನಡಿಯ ಮುಂದೆ ಬಹಳ ಹೊತ್ತು ನಿಂತಿದ್ದೆ.

ಮುಂಡರಗಿಗೆ ಮರಳಿ ತಾಟಿನ ಮುಂದೆ ಕುಳಿತು ನಾಲ್ಕನೇ ರೊಟ್ಟಿಗೆ ಕೈ ಚಾಚಿದೆ. ಗೆಳತಿಯೂ ಅದಕ್ಕೇ ಕೈ ಚಾಚಿದ್ದಳು.

"ಬಿಡಲೇ, ಅದು ನಂದು" ಎಂದೆ.

"ನಾ ರೂಢಿ ಮಾಡ್ಕೊಂಡೀನಿ. ನಾಳೆ ತಾಲೂಕಿನ ಖೋಖೋ ಐತಿ, ನಾ ಓಡಬೇಕಾ ಬ್ಯಾಡಾ?"

"ಓಡೋರು ಹುಡಿಗ್ಯಾರು. ನೀ ಸೀಟಿ ಊದಾಕಿ!"

"ಸೀಟಿ ಊದಾಕ ಉಸರು ಬೇಕಲ್ಲ?"

ರೊಟ್ಟಿ ನಡುವೆ ಹರಿಯಿತು. ಆಯಿ ಇಬ್ಬರನ್ನೂ ಬೈಯುತ್ತ ಮತ್ತೆ ಹಿಟ್ಟು ನಾದಲು ಕುಳಿತಳು. ಅಂದಿನಿಂದ ಆ ಮನೆಯಲ್ಲಿ ಇಬ್ಬರಿಗೂ ನಾಲ್ಕು ನಾಲ್ಕೇ ರೊಟ್ಟಿ. ಊಟವಾದ ಮೇಲೆ ಗೆಳತಿ ನನ್ನ ರಟ್ಟೆ ಹಿಡಿದು ಎಬ್ಬಿಸಿ ಡೋಣಿಯ ರಸ್ತೆಯಲ್ಲಿ ಎರಡು ಮೈಲಿ ನಡೆಸುತ್ತಿದ್ದಳು. ಆಕೆ ಮುಂದೆ, ನಾನು ಏದುಸಿರು ಬಿಡುತ್ತ ಹಿಂದೆ, ಇಬ್ಬರೂ ಬೆವರುತ್ತ.