ಕೆಮಿಸ್ಟ್ರಿ ಬಾಯಾರ ದನಿ

ಅವರ ತುರುಬಿನಲ್ಲಿ ಹೂವು ಇರುತ್ತಿರಲಿಲ್ಲ, ಸೀಮೆಸುಣ್ಣ ಇರುತ್ತಿತ್ತು. ಪಾಠದ ನಡುವೆ ಎರಡೂ ಕೈ ಬೇಕಾದಾಗ ತುಂಡನ್ನು ತುರುಬಿಗೆ ಸಿಕ್ಕಿಸಿ, ಮುಷ್ಟಿಗಳನ್ನು ಗಾಳಿಯಲ್ಲಿ ಎದುರುಬದುರು ಹಿಡಿದು ಎರಡು ಪರಮಾಣು ಮಾಡುತ್ತಿದ್ದರು. ಆಮೇಲೆ ಸಿಕ್ಕಿಸಿದ್ದನ್ನು ಮರೆತು ಡಬ್ಬಿಯಿಂದ ಇನ್ನೊಂದು ತುಂಡು ತೆಗೆಯುತ್ತಿದ್ದರು. ಗಂಟೆ ಹೊಡೆಯುವ ಹೊತ್ತಿಗೆ ಹಿಂದಿನಿಂದ ನೋಡಿದರೆ ಮುಳ್ಳುಹಂದಿ. ನೀವು ಎದುರಿಗಿದ್ದರೆ ಅವರು ಬಳಪ ಹುಡುಕುವುದನ್ನು ಮಾಡಿಯೇ ತೋರಿಸಿಬಿಡುತ್ತಿದ್ದೆ. ಬರೆಯುವುದರಲ್ಲಿ ಇದೊಂದು ತೊಂದರೆ.

ನನಗೆ ಬರುವ ವಿದ್ಯೆಯೇ ಅದು, ಇನ್ನೊಬ್ಬರ ಹಾಗೆ ಮಾತಾಡುವುದು. ಅಪ್ಪ ದುಡಿಯುವ ಕಾರ್ಖಾನೆಯ ಫೋರ್‌ಮನ್, ಮೆಹದಿಪಟ್ಟಣಂ ಬಸ್ಸಿನ ಕಂಡಕ್ಟರು, ಮದುವೆ ಊಟದಲ್ಲಿ ಹುಳುಕು ಹುಡುಕುವ ಸೋದರಮಾವ, ಯಾರನ್ನೂ ಬಿಟ್ಟವನಲ್ಲ. ಹುಡುಗಿಯರ ಮುಂದೆ ನಾನು ಇಂಗ್ಲಿಷ್ ಮಾತಾಡುವ ಚಂದವನ್ನು ನಾನೇ ಅಣಕಿಸಿ ಗೆಳೆಯರನ್ನು ನಗಿಸುತ್ತಿದ್ದೆ. ಅವ್ವ ಬೇಸತ್ತು, "ನಿನ್ನ ಖುದ್ದ ದನಿ ಯಾವುದಪಾ? ಅದರಾಗ ಹೇಳು, ಇನ್ನೊಂದು ರೊಟ್ಟಿ ಬೇಕೋ ಬ್ಯಾಡೋ" ಎನ್ನುತ್ತಿದ್ದಳು.

ಕಾಲೇಜು ಹೈದರಾಬಾದಿನ ಮೆಹದಿಪಟ್ಟಣಂನಲ್ಲಿ, ಒಂದು ಟೈರ್ ಅಂಗಡಿಯ ಮೇಲಿತ್ತು. ಮೊದಲ ಮಹಡಿಯಲ್ಲಿ ಅದೇ ಮಾಲೀಕರ ಕಂಪ್ಯೂಟರ್ ತರಬೇತಿ ಕೇಂದ್ರ, ಎರಡನೆಯದರಲ್ಲಿ ನಾವು, ಬಿ.ಎಸ್ಸಿ. ಹುಡುಗರು. ಕೆಳಗೆ ಜಾವಾ ಕಲಿಯಲು ಮೆಟ್ಟಿಲ ತನಕ ಸಾಲು ನಿಲ್ಲುತ್ತಿತ್ತು. ಅವರನ್ನು ದಾಟಿಕೊಂಡು ಮೇಲೆ ಬರುವ ನಮ್ಮನ್ನು ಅವರು ನೋಡುತ್ತಿದ್ದ ರೀತಿ, ವಿಮಾನ ಹತ್ತುವವರು ಎತ್ತಿನ ಬಂಡಿಯವರನ್ನು ನೋಡಿದಂತೆ.

ಮೊದಲ ವಾರ. ಪರಮಾಣು ರಚನೆಯ ಪಾಠ. ಇಂಗ್ಲಿಷ್ ಮತ್ತು ದಖನಿ ಹಿಂದಿ ಬೆರೆಸಿ ಹೇಳುತ್ತಿದ್ದ ಮೇಡಂ ಹಿಂದಿನ ಬೆಂಚಿನ ಗದ್ದಲಕ್ಕೆ ಬೋರ್ಡಿನ ಕಡೆ ತಿರುಗಿ ತಮ್ಮಷ್ಟಕ್ಕೆ ತಾವು, "ಈ ಕೋಣಗೋಳಿಗೆ ನೀರು ಕುಡಸೂದು ಭಾಳ ಹಗರ, ಕ್ವಾಂಟಂ ಕಲಸೂದಲ್ಲ" ಎಂದರು. ತೆಲುಗು, ಉರ್ದು ಹುಡುಗರ ನಡುವೆ ಯಾರಿಗೂ ತಿಳಿಯದೆಂಬ ಧೈರ್ಯ. ನಾನು ಕಿಸಕ್ಕನೆ ನಕ್ಕೆ. ಅವರು ತಿರುಗಿದರು.

"ತಿಳೀತೇನು?"

"ತಿಳೀತ್ರೀ ಬಾಯಾರ. ನಾನೂ ಅದರಾಗಿನ ಒಂದು ಕೋಣಾನ."

ನಮ್ಮ ರಾಯಚೂರು ಕಡೆ ಹೆಣ್ಣು ಮಾಸ್ತರರಿಗೆ ಬಾಯಾರು ಎನ್ನುತ್ತಾರೆ. ಅಷ್ಟು ವರ್ಷ ಹೈದರಾಬಾದಿನಲ್ಲಿ ಅವರನ್ನು ಹಾಗೆ ಕರೆದವರು ಯಾರೂ ಇರಲಿಲ್ಲವೇನೋ, ಬರೆಯುತ್ತಿದ್ದದ್ದನ್ನು ಅರ್ಧಕ್ಕೇ ಬಿಟ್ಟು ಬಳಪವನ್ನು ತುರುಬಿಗೆ ಸಿಕ್ಕಿಸಿಕೊಂಡರು. ಅವರ ಯಜಮಾನರು ಅಪ್ಪನ ಕಾರ್ಖಾನೆಯಲ್ಲೇ ಇದ್ದು ನಿವೃತ್ತರಾದವರು ಎಂಬುದು ಆಮೇಲೆ ತಿಳಿಯಿತು.

ಅವರ ದನಿಯನ್ನು ಹೇಳಬೇಕು. ಮೊದಲು ಎರಡು ಸಣ್ಣ ಕೆಮ್ಮು. ಆಮೇಲೆ ಮಾತು ಕೆಳಗಿನಿಂದ ಮೆಟ್ಟಿಲು ಹತ್ತಿದಂತೆ ಏರುತ್ತಾ ಹೋಗಿ, ಮೇಲಿನ ಮೆಟ್ಟಿಲಲ್ಲಿ ಒಂದು ಕ್ಷಣ ನಿಂತು, "ಅಂದ್ರ ಏನಾತು?" ಎಂದು ಒಮ್ಮೆಗೇ ಇಳಿಯುತ್ತಿತ್ತು. ಪಾಠ ಯಾವ ಭಾಷೆಯಲ್ಲಿದ್ದರೂ ಆ ಪ್ರಶ್ನೆ ಮಾತ್ರ ಕನ್ನಡದ್ದೇ. ಇಡೀ ತರಗತಿ ಅದನ್ನು ಕಲಿತಿತ್ತು. ಚಾರ್‌ಮಿನಾರ್ ಬಳಿಯಿಂದ ಬರುವ ಹುಡುಗರು ಕೂಡ ಚಹಾ ಕುಡಿಯುತ್ತಾ "ಅಂದ್ರ ಏನಾತು ಮಿಯಾ?" ಎನ್ನುತ್ತಿದ್ದರು.

ಅನುಕರಣೆ ಮಾಡುವವನಿಗೆ ಇದು ಹಬ್ಬ. ಒಂದು ದಿನ ಕ್ಯಾಂಟೀನಿನಲ್ಲಿ ತಲೆಗೆ ಬಿಸ್ಕತ್ತು ಸಿಕ್ಕಿಸಿಕೊಂಡು ಬಾಯಾರನ್ನು ಮಾಡುತ್ತಿದ್ದೆ. ಎರಡು ಕೆಮ್ಮು. "ಸೂರ್ಯನ ಸುತ್ತ ಗ್ರಹ ತಿರುಗಿದ್ಹಂಗ ನ್ಯೂಕ್ಲಿಯಸ್ ಸುತ್ತ ಇಲೆಕ್ಟ್ರಾನ್ ತಿರಗತೈತಿ. ಅಂದ್ರ ಏನಾತು?" ಎಂದೆ. ಯಾರೂ ನಗಲಿಲ್ಲ. ತಿರುಗಿ ನೋಡಿದರೆ ಬಾಯಾರು, ಕೈಯಲ್ಲಿ ಚಹಾ.

"ದನಿ ಬರೋಬ್ಬರಿ ಐತಿ," ಎಂದರು. "ಆದ್ರ ಗ್ರಹ ತಿರುಗಿದ್ಹಂಗ ಅಂತ ನಾ ಯಾವತ್ತ ಹೇಳೀನಿ?"

"ಇಲ್ರೀ, ಅದು ಸುಮ್ಮ ಮಸ್ಕಿರಿಗೆ…"

"ಮಸ್ಕಿರಿ ಮಾಡು. ನನ್ನ ಮೂಗು ಮಾಡು, ತುರುಬು ಮಾಡು. ನನ್ನ ದನಿಯೊಳಗ ತಪ್ಪು ಹೇಳಬ್ಯಾಡ."

ಮಾರನೆಯ ದಿನ ತರಗತಿಯಲ್ಲಿ ನನಗಾಗಿಯೇ ಅದನ್ನು ಮತ್ತೆ ಹೇಳಿದರು. ಬಸ್‌ಸ್ಟ್ಯಾಂಡಿನ ಹತ್ತಿರ ಮೂಸಂಬಿ ಬಂಡಿಯವನೊಬ್ಬನಿದ್ದ. ಪೊಲೀಸರು ಬಂದರೆ ಅತ್ತ, ನೆರಳು ಸರಿದರೆ ಇತ್ತ. "ಅಂವಾ ಕಂಡಾಗೆಲ್ಲ ನಾ ಒಂದು ಚುಕ್ಕಿ ಇಡತೀನಿ" ಎಂದು ಬೋರ್ಡಿನ ನಡುವೆ ಒಂದು ಗುಂಡನೆಯ ಗುರುತು ಮಾಡಿ, ಸುತ್ತ ಟಕಟಕ ಬಳಪ ಕುಟ್ಟತೊಡಗಿದರು. ಹತ್ತಿರ ದಟ್ಟ, ದೂರ ವಿರಳ. ನೋಡನೋಡುತ್ತ ಬೋರ್ಡಿನ ಮೇಲೆ ಬಿಳಿ ಮೋಡವೊಂದು ಕೂತಿತು. "ಎಲ್ಲ್ಯದಾನ ಅಂತ ಕೇಳಬ್ಯಾಡ್ರಿ. ಎಲ್ಲಿ ಸಿಗೂ ಸಂಭವ ಎಷ್ಟು ಅಂತ ಕೇಳ್ರಿ. ಈ ಮೋಡಕ್ಕ ಆರ್ಬಿಟಲ್ ಅಂತಾರ." ಅಷ್ಟಕ್ಕೇ ಬಿಡದೆ, "ಬಂಡಿಯಾಂವ ಕಾಣದಿದ್ರೂ ಎಲ್ಲ್ಯರ ಒಂದು ಕಡೆ ಇದ್ದ ಇರ್ತಾನ. ಇಲೆಕ್ಟ್ರಾನಿಗೆ ಆ ಮಾತೂ ಹೇಳಾಕ ಬರಂಗಿಲ್ಲ. ಹೋಲಿಕಿ ಅಲ್ಲಿಗೆ ಮುಗೀತು" ಎಂದರು. ತಮ್ಮದೇ ಚಂದದ ಹೋಲಿಕೆಯನ್ನು ತಾವೇ ಮುರಿದು ಹಾಕುವ ಮಾಸ್ತರರನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ.

ದಸರೆಯ ರಜೆಯಲ್ಲಿ ಅವರಿಗೆ ಥೈರಾಯ್ಡ್ ಶಸ್ತ್ರಚಿಕಿತ್ಸೆಯಾಯಿತು. ಗಂಟು ಹೋಯಿತು, ಜೊತೆಗೆ ದನಿಯೂ ಹೋಯಿತು. ನರಕ್ಕೆ ಪೆಟ್ಟಾಗಿದೆ, ಬಂದರೂ ಬಂದೀತು ಎಂದರಂತೆ ವೈದ್ಯರು. ಕಾಲೇಜಿಗೆ ಮರಳಿದಾಗ ಬಾಯಾರ ಬಾಯಿಂದ ಬರುತ್ತಿದ್ದದ್ದು ಸೈಕಲ್ ಟ್ಯೂಬಿನಿಂದ ಗಾಳಿ ಹೋಗುವ ಸದ್ದು. ಮುಂದಿನ ಬೆಂಚಿಗೂ ಕೇಳುತ್ತಿರಲಿಲ್ಲ. ಪ್ರಿನ್ಸಿಪಾಲರು ಮೆತ್ತಗೆ ಮನೆಯಲ್ಲಿ ವಿಶ್ರಾಂತಿ ತೆಗೆದುಕೊಳ್ಳಿ ಎಂದರು. ಆ ಸಂಜೆ ಬಾಯಾರು ನನ್ನನ್ನು ಲ್ಯಾಬಿಗೆ ಕರೆದು, ಕಿವಿ ಹತ್ತಿರ ತರಲು ಸನ್ನೆ ಮಾಡಿದರು.

"ನಾ ಹೇಳತೀನಿ, ನೀ ಜೋರಾಗಿ ಹೇಳು. ನಡೀತೈತೇನು?"

"ಯಾರ ದನಿಯೊಳಗ್ರೀ?"

ಅವ್ವನ ರೊಟ್ಟಿಯ ಮಾತನ್ನು ನಾನೇ ಒಮ್ಮೆ ಅವರಿಗೆ ಮಾಡಿ ತೋರಿಸಿದ್ದೆ. "ನಿನ್ನ ದನಿ ನಿಮ್ಮವ್ವಗs ಗೊತ್ತಿಲ್ಲಂತ. ನಂದರಾಗ ಹೇಳು."

ಹಾಗೆ ಶುರುವಾಯಿತು. ಬಾಯಾರು ಕುರ್ಚಿಯಲ್ಲಿ, ಪಕ್ಕದಲ್ಲಿ ಬಗ್ಗಿ ನಿಂತ ನಾನು. ಅವರು ಉಸಿರಿನಲ್ಲಿ ಹೇಳಿದ್ದು ನನ್ನ ಬಾಯಲ್ಲಿ ಅವರ ದನಿಯಾಗಿ ಹೊರಬರುತ್ತಿತ್ತು. ತಪ್ಪಿದರೆ ಅವರು ನನ್ನ ಅಂಗಿಯ ತುದಿ ಎಳೆಯುತ್ತಿದ್ದರು. ಒಮ್ಮೆ ಕೋವೇಲೆಂಟ್ ಬಂಧದಲ್ಲಿ ಒಂದು ಪರಮಾಣು ಇನ್ನೊಂದಕ್ಕೆ ಇಲೆಕ್ಟ್ರಾನನ್ನು ಕೊಡುತ್ತದೆ ಎಂದುಬಿಟ್ಟೆ, ಅಂಗಿ ಹರಿಯುವಂತೆ ಜಗ್ಗಿದರು. ಕೊಡುವುದಲ್ಲ, ಇಬ್ಬರೂ ಹಂಚಿಕೊಳ್ಳುವುದು.

ಮೊದಲ ದಿನ ನಾನು ಆ ಎರಡು ಕೆಮ್ಮು ಕೆಮ್ಮಿದ ಕೂಡಲೇ ತರಗತಿ ಹೊಟ್ಟೆ ಹಿಡಿದುಕೊಂಡಿತು. ಬಾಯಾರ ಹೆಗಲೂ ಸದ್ದಿಲ್ಲದೆ ಕುಣಿಯಿತು. ಅದನ್ನೇ ಪರವಾನಗಿ ಎಂದುಕೊಂಡೆ. ಕೆಮ್ಮು ದಿನದಿನಕ್ಕೆ ದೊಡ್ಡದಾಯಿತು, "ಅಂದ್ರ ಏನಾತು" ಇನ್ನೂ ಮೇಲಿನಿಂದ ಜಿಗಿಯತೊಡಗಿತು. ಕೆಮಿಸ್ಟ್ರಿ ಸರಿಯಿರುವ ತನಕ ಅವರು ಅಂಗಿ ಎಳೆಯಲಿಲ್ಲ. ಕೆಳಗಿನ ಜಾವಾದವರು ಕೂಡ ಬಾಗಿಲಲ್ಲಿ ನಿಂತು ಕೇಳತೊಡಗಿದರು. ನನಗಂತೂ ನೆಲದ ಮೇಲೆ ಕಾಲೇ ಇಲ್ಲ.

ಹೀಗೆ ನಿಂತು ಕೇಳಿದವರಲ್ಲಿ ಕರೆಸ್ಪಾಂಡೆಂಟರೂ ಒಬ್ಬರು. ಅಲ್ಲಿ ಖಾಸಗಿ ಕಾಲೇಜಿನ ಮಾಲೀಕರನ್ನು ಹಾಗೆ ಕರೆಯುತ್ತಾರೆ. ಅವರಿಗೆ ಆಗ ಎಲ್ಲವನ್ನೂ ಸಿ.ಡಿ.ಗೆ ಇಳಿಸುವ ಹುಚ್ಚು. "ಮೇಡಂ ಗಾರು, ನಿಮ್ಮ ಪಾಠ, ಈ ಹುಡುಗನ ಆವಾಜು, ನಮ್ಮ ಅನಿಮೇಷನ್ನು. ಮೂರೂ ಬ್ರ್ಯಾಂಚಿಗೂ ಕಳಿಸೋಣ" ಎಂದರು.

ಧ್ವನಿಮುದ್ರಣ ನಡೆದದ್ದು ಲ್ಯಾಬಿನ ಬ್ಯಾಲೆನ್ಸ್ ರೂಮಿನಲ್ಲಿ. ತಕ್ಕಡಿಗೆ ಗಾಳಿ ತಾಗಬಾರದೆಂದು ಅಲ್ಲಿ ಫ್ಯಾನೂ ಇಲ್ಲ, ಕಿಟಕಿಯೂ ಇಲ್ಲ. ಮಧ್ಯಾಹ್ನ ಊಟವಾದ ಮೇಲೆ ನಾವಿಬ್ಬರೂ ಬೆವರುತ್ತ ಕೂತು, ಅವರು ಉಸಿರಿನಲ್ಲಿ ಹೇಳಿ, ನಾನು ಮೈಕಿಗೆ ಹೇಳಿ, ಪರಮಾಣು ರಚನೆ ಮುಗಿಯಿತು, ಕ್ವಾಂಟಂ ಸಂಖ್ಯೆಗಳು ಮುಗಿದವು. ಅಷ್ಟರಲ್ಲಿ ಆಫೀಸಿನ ಅಟೆಂಡರ್ ಒಂದು ಸುದ್ದಿ ತಂದ: ಸಿ.ಡಿ. ಪೂರ್ತಿಯಾದರೆ ಮುಂದಿನ ವರ್ಷಕ್ಕೆ ಕೆಮಿಸ್ಟ್ರಿ ಮೇಡಂ ಬೇಡವಂತೆ, ಕಡಿಮೆಗೆ ಬರುವ ಹೊಸ ಹುಡುಗನೊಬ್ಬ ಗುಂಡಿ ಒತ್ತಿ, ಪ್ರಾಕ್ಟಿಕಲ್ಲು ಮಾಡಿಸಿದರೆ ಸಾಕಂತೆ.

ನಾನು ಬಾಯಾರಿಗೆ ಹೇಳಿದೆ. ಅವರಿಗೆ ಮೊದಲೇ ಗೊತ್ತಿತ್ತು.

"ಹಂಗಾರ ಬಾಂಡಿಂಗ್ ಪಾಠ ಬಿಟ್ಟಬಿಡೂಣ್ರಿ," ಎಂದೆ. "ಗಂಟಲು ಕೆಟ್ಟೈತಿ ಅಂತ ನಾ ಹೇಳತೀನಿ. ಆ ಪಾಠ ಇರಲಿಲ್ಲಂದ್ರ ಅವರಿಗೆ ನೀವು ಬೇಕs ಬೇಕು."

ಅವರು ಬಹಳ ಹೊತ್ತು ತಕ್ಕಡಿಯ ಗಾಜನ್ನು ಸೆರಗಿನಿಂದ ಒರೆಸಿದರು.

"ಬಂಧಾ ಬಿಟ್ಟು ಬರೇ ಪರಮಾಣು ಕಲಿಸಿದ್ರ ಏನು ಕಲಿಸಿದ್ಹಂಗಾತು? ಹುಡುಗ್ರಿಗೆ ಅರ್ಧಾ ಕೊಡಾಕ ನಾ ಒಲ್ಲೆ." ಸೆರಗು ಕೊಡವಿ, "ಕ್ಲಾಸಿನಾಗರೆ ನಿನ್ನ ಬಾಯಿ ಐತಿ ನನಗ. ಮನ್ಯಾಗ ಕುಂತ ಮ್ಯಾಲ ನಂದ್ಯಾವ ಬಾಯಿ?" ಎಂದರು. ಆಮೇಲೆ ಮೈಕಿನ ಕಡೆ ಕೈ ತೋರಿಸಿದರು, ಹಚ್ಚು ಎಂದು.

ನಾನು ಹಚ್ಚಿದೆ. ಅವರು ಒಪ್ಪದಿದ್ದರೂ ನಾನು ಗಂಟಲು ಹಿಡಿದುಕೊಂಡು ಮಲಗಬಹುದಿತ್ತು. ಆ ನಾಟಕ ನನಗೆ ಬರದ್ದೇನಲ್ಲ. ಆದರೆ ಮಾರನೆಯ ವಾರ ಮೂರು ಬ್ರ್ಯಾಂಚಿನ ಹುಡುಗಿಯರು ಕೇಳುವ ದನಿ ಅದು. ಮಲಗಲು ಮನಸ್ಸಾಗಲಿಲ್ಲ. ಬಂಧದ ಪಾಠವನ್ನು ನಾನು ಎಲ್ಲಕ್ಕಿಂತ ಚೆನ್ನಾಗಿ ಹೇಳಿದೆ.

ವರ್ಷ ಮುಗಿದ ಮೇಲೆ ಅವರಿಗೆ ಒಂದು ಶಾಲು, ಒಂದು ಗೋಡೆ ಗಡಿಯಾರ ಕೊಟ್ಟು ಕಳಿಸಿದರು. ಸಮಾರಂಭದಲ್ಲಿ ಬಾಯಾರ ಪರವಾಗಿ ನಾಲ್ಕು ಮಾತು ಆಡಲು ನನ್ನನ್ನೇ ಕರೆದರು. ಕೆಮ್ಮಿದೆ. ಎಲ್ಲರೂ ನಕ್ಕರು.

ಡಿಗ್ರಿಯಾದ ಮೇಲೆ ಮಾದಾಪುರದ ಒಂದು ಕಾಲ್ ಸೆಂಟರಿನ ಸಂದರ್ಶನಕ್ಕೆ ಹೋದೆ. ಯಾವುದಾದರೂ ವಿಷಯವನ್ನು ತಡವರಿಸದೆ ವಿವರಿಸು ಎಂದರು. ನಾನು ಇಲೆಕ್ಟ್ರಾನು ನ್ಯೂಕ್ಲಿಯಸ್ಸಿಗೆ ಯಾಕೆ ಬೀಳುವುದಿಲ್ಲ ಎಂದು ಹೇಳಿದೆ, ಇಂಗ್ಲಿಷಿನಲ್ಲಿ, ಮೆಟ್ಟಿಲು ಹತ್ತುವ ಅದೇ ಏರಿನಲ್ಲಿ. ಕೆಲಸ ಸಿಕ್ಕಿತು. ಈಗ ಕಂಪನಿಯ ಕ್ಯಾಬ್ ಬಂದು ಕರೆದೊಯ್ಯುತ್ತದೆ, ಹೋಗಿ ಅಮೆರಿಕದವರಿಗೆ ಅಮೆರಿಕದವನಾಗಿ ಅವರ ಪ್ರಿಂಟರ್ ರಿಪೇರಿ ಹೇಳಿಕೊಡುತ್ತೇನೆ. ಅವ್ವನಿಗೆ ಇನ್ನೂ ನನ್ನ ಖುದ್ದು ದನಿ ಸಿಕ್ಕಿಲ್ಲ.

ಕೊಂಡಾಪುರದ ನನ್ನ ರೂಮಿನಿಂದ ಬಾಯಾರ ಮನೆಗೆ ಒಂದೇ ಬಸ್ಸು. ಹೋದದ್ದು ಒಂದೇ ಸಲ. ಅವರು ಉಸಿರಿನಲ್ಲೇ ಅಮೆರಿಕದ್ದು ಮಾಡು ಎಂದರು, ಮಾಡಿದೆ, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಆಮೇಲೆ, "ಈಗ ನಂದು ಮಾಡು" ಎಂದರು.

ಆ ಉಸಿರಿನ ಎದುರಿಗೆ ಕೂತು ಆ ದನಿಯನ್ನು ತೆಗೆಯಲು ನನಗೆ ಆಗಲಿಲ್ಲ. "ಗಂಟಲು ಕೆಟ್ಟೈತ್ರೀ ಬಾಯಾರ" ಎಂದೆ. ಅವರು ಮತ್ತೆ ಕೇಳಲಿಲ್ಲ. ಅವಲಕ್ಕಿ ತಂದುಕೊಟ್ಟರು. ಆ ಮನೆಯಲ್ಲಿ ಅಷ್ಟು ಹೊತ್ತು ಮಾತಾಡಿದ್ದು ನಾನೊಬ್ಬನೇ. ಮುಂದಿನ ವಾರ ಬರುತ್ತೇನೆ ಎಂದು ಎದ್ದೆ. ಆಮೇಲೆ ಪ್ರತಿ ವಾರವೂ ಒಂದು ನೆಪ ಸಿಗುತ್ತಲೇ ಇತ್ತು.

ಬಾಯಾರು ಹೋದ ಸುದ್ದಿ ತಂದದ್ದು ಅಪ್ಪ. ಹೃದಯದ ತೊಂದರೆಯಂತೆ, ಬೆಳಿಗ್ಗೆ ಚಹಾ ಕುಡಿದು ಕೂತಿದ್ದವರು ಹಾಗೇ. ಕಾರ್ಯಗಳೆಲ್ಲ ಮುಗಿದ ಮೇಲೆ ಹೋದೆ. ಬಾಗಿಲು ತೆಗೆದವರು ಅವರ ಯಜಮಾನರು. ಅವರನ್ನು ನಾನು ಕಾಕಾ ಎನ್ನುತ್ತೇನೆ. ಜಾಸ್ತಿ ಮಾತಿನವರಲ್ಲ. ಒಳಕೋಣೆಗೆ ಕರೆದು, ಕಪಾಟಿನಿಂದ ಆ ಸಿ.ಡಿ. ತೆಗೆದರು. ಮೇಲಿನ ಪ್ಲಾಸ್ಟಿಕ್ಕು ಕೂಡ ಬಿಚ್ಚಿರಲಿಲ್ಲ.

"ಮನ್ಯಾಗ ಕಂಪ್ಯೂಟರ್ ಇಲ್ಲಪಾ. ಯಾರದರೆ ಮನಿಗೆ ಹೋಗಿ ಹಚ್ಚಸೂದು ಅಂದ್ರ ಆಕಿ ಒಲ್ಲೆ ಅಂತಿದ್ಲು." ಅದನ್ನು ಮಂಚದ ಮೇಲಿಟ್ಟು ಕೂತರು. "ನೀ ಬಂದೀಯಲ್ಲ. ಒಂದ್ಸಲ ಮಾತಾಡು, ಆಕೀ ಹಂಗ."

ಈ ಸಲ ಗಂಟಲಿನ ನೆಪ ಹೇಳಲು ನಾಲಗೆ ಏಳಲಿಲ್ಲ. ಶುರು ಮಾಡಿದೆ. ದೂರ ದೂರ ಇರುವ ಎರಡು ಹೈಡ್ರೋಜನ್ ಪರಮಾಣುಗಳು. ಹತ್ತಿರ ಬಂದ ಹಾಗೆ ಅವುಗಳ ಶಕ್ತಿ ಕಡಿಮೆಯಾಗುತ್ತಾ ಹೋಗುತ್ತದೆ, ಒಂದು ಅಂತರಕ್ಕೆ ಬಂದಾಗ ಅತಿ ಕಡಿಮೆ. ಅದಕ್ಕಿಂತಲೂ ಹತ್ತಿರ ಬಂದರೆ ಒಂದನ್ನೊಂದು ದೂಡುತ್ತವೆ. ಆ ಅಂತರದಲ್ಲೇ ನಿಂತದ್ದು ಬಂಧ. ಆಮೇಲೆ ಯಾವ ಇಲೆಕ್ಟ್ರಾನ್ ಯಾರದ್ದು ಎಂದು ಕೇಳುವ ಹಾಗಿಲ್ಲ. ಎಲ್ಲಿಯೂ ತಪ್ಪಲಿಲ್ಲ. ಮುಗಿಸಿ ನೋಡಿದರೆ ಕಾಕಾ ನೆಲ ನೋಡುತ್ತಿದ್ದರು.

"ಬರೋಬ್ಬರಿ ಇರಬೇಕು," ಎಂದರು. "ಕ್ಲಾಸಿನಾಗ ಹಿಂಗs ಮಾತಾಡ್ತಿದ್ಲೋ ಏನೋ. ನಾ ಯಾವತ್ತ ಆಕೀ ಕ್ಲಾಸಿಗೆ ಹೋಗಿದ್ದಿಲ್ಲ." ಸಿ.ಡಿ.ಯ ಪ್ಲಾಸ್ಟಿಕ್ಕನ್ನು ಬೆರಳಿನಿಂದ ಸವರುತ್ತಾ, "ಮನ್ಯಾಗ ಆಕೀ ದನಿ ಬ್ಯಾರೆ ಇತ್ತು. ಭಾಳ ಸಣ್ಣಗ. ಅದು ನಿನಗ ಬರತೈತೇನು?" ಎಂದರು.

ಅಷ್ಟು ದಿನ ಬಾಯಾರ ಬಾಯಿಯ ಪಕ್ಕದಲ್ಲೇ ಕಿವಿಯಿಟ್ಟು ಕೂತವನು ನಾನು.

"ಇಲ್ರೀ ಕಾಕಾ. ಅದನ್ನ ನಾ ಕೇಳೇ ಇಲ್ಲ."

ಅವರು ತಲೆಯಾಡಿಸಿದರು. ಸಿ.ಡಿ.ಯನ್ನು ಎತ್ತಿ ಕಪಾಟಿನಲ್ಲಿಟ್ಟು, ಬಾಗಿಲು ಹಾಕಿ, ಮತ್ತೆ ಬಂದು ನನ್ನ ಎದುರಿಗೆ ಕೂತರು.

"ಆತು ಬಿಡು. ಹಂಗಾರ ನಿನಗ ಬರೂದನ್ನs ಇನ್ನೊಮ್ಮಿ ಮಾಡು."

ಮಾಡಿದೆ.