ಸಸ್ಪೆನ್ಸ್ ಅತ್ತೆಯ ಕೊನೆಯ ಪುಟ

ಪ್ರತಿಯೊಂದು ಚರ್ಚಿನ ಸಭೆಯಲ್ಲೂ ಹಳೇ ಕಾಲದ ಕ್ರೈಸ್ತರ ಕುರಿತ ರೋಚಕ ಕಾದಂಬರಿಗಳಿಗೇ ಬಾಳು ಮುಡಿಪಿಟ್ಟವರೊಬ್ಬರು ಇದ್ದೇ ಇರುತ್ತಾರೆ. ನಮ್ಮ ಸಭೆಗೆ ಸಸ್ಪೆನ್ಸ್ ಅತ್ತೆ ಇದ್ದಾರೆ. ಕಥೆಯಲ್ಲಿ ಕ್ರೈಸ್ತರನ್ನು ಹಿಡಿಯಲು ಬಂದ ರೋಮಿನ ಸೈನಿಕರು ಬಾಗಿಲು ಬಡಿದರೆ ಇವರ ಒಲೆಯ ಮೇಲಿನ ಹಾಲು ಉಕ್ಕಿ, ಮೆಟ್ಟಿಲಿಳಿದು, ಬೀದಿ ದಾಟಿ ಎದುರುಮನೆ ಬೆಕ್ಕಿಗೆ ಸಲ್ಲುತ್ತದೆ. ಆ ಬೆಕ್ಕು ಈಗ ಕರುವಿನ ಗಾತ್ರಕ್ಕೆ ಬಂದಿದೆ. ಪಾಸ್ಟರಯ್ಯನವರ ಉಪದೇಶದ ಹೊತ್ತಿಗೆ ದಪ್ಪ ಬೈಬಲಿನ ಮರೆಯಲ್ಲಿ ತೆಳ್ಳನೆಯ ಕಾದಂಬರಿ ತೆರೆದಿರುತ್ತದೆ, ಎಲ್ಲರೂ "ಆಮೆನ್" ಎಂದಾಗ ಇವರು "ಅಯ್ಯೋ, ಹಿಂದೆ ನೋಡೇ!" ಎಂದು ಕಿರುಚಿದ್ದುಂಟು. ಒಮ್ಮೆ ಪ್ರಾರ್ಥನಾ ಕೂಟದಲ್ಲಿ "ಪಾಪ, ಒಬ್ಬ ವಿಧವೆ ನೆಲಮಾಳಿಗೇಲಿ ಸಿಕ್ಕಿಬಿದ್ದಿದಾಳೆ" ಎಂದು ಕಣ್ಣೀರಿಟ್ಟರು. ಸಭೆಗೆ ಸಭೆಯೇ ಉಪವಾಸವಿದ್ದು ಪ್ರಾರ್ಥಿಸಿದ ಮೇಲೆ ತಿಳಿಯಿತು, ಆಕೆ ಕಾದಂಬರಿಯೊಳಗಿನ ವಿಧವೆ ಎಂದು. ಹಸಿದ ಪಾಸ್ಟರಯ್ಯ ಸಿಡುಕಿದರೆ, "ವ್ಯರ್ಥ ಆಗ್ಲಿಲ್ಲ ಬಿಡಿ, ಮುಂದಿನ ಅಧ್ಯಾಯದಲ್ಲೇ ಬಿಡುಗಡೆ ಆದ್ಲು!" ಎಂದರು. ಕೊನೆಯ ಪುಟವನ್ನು ಮೊದಲೇ ನೋಡಬಾರದು ಎಂಬುದು ಬೈಬಲಿನ ಹತ್ತು ಆಜ್ಞೆಗಳಿಗೆ ಇವರು ಸೇರಿಸಿಕೊಂಡ ಹನ್ನೊಂದನೆಯ ಆಜ್ಞೆ. ಅದನ್ನು ಮೀರಿದ ಸೊಸೆಯೊಡನೆ ವರ್ಷವಿಡೀ ಮಾತು ಬಿಟ್ಟಿದ್ದರು. ಅಂಥವರು, ಕಣ್ಣಿನ ಆಪರೇಷನ್ನಿನ ಹಿಂದಿನ ದಿನ ಪಾಸ್ಟರಯ್ಯ ಆಸ್ಪತ್ರೆಗೆ ಹೋದಾಗ, ಅರ್ಧ ಓದಿದ ಪುಸ್ತಕದ ಕೊನೆಯ ಪುಟಕ್ಕೆ ಕೈ ಹಾಕಿ ಕೂತಿದ್ದರು. "ದೃಷ್ಟಿ ಉಳಿಯೋದು ಖಾತ್ರಿ ಇಲ್ಲವಂತೆ ಪಾಸ್ಟರಯ್ಯ. ಕೊಲೆಗಾರ ಯಾರೂಂತ ಗೊತ್ತಾಗದೆ ಕತ್ತಲಲ್ಲಿ ಹೇಗಿರ್ಲಿ?" ಪಾಸ್ಟರಯ್ಯ, ಅತ್ತೆ ಓದಿ ನಿಲ್ಲಿಸಿದ್ದ ಪುಟದಲ್ಲಿ ತಮ್ಮ ಬಸ್ ಟಿಕೆಟ್ಟನ್ನು ಗುರುತಿಗೆ ಇಟ್ಟು, ಮೆಲ್ಲನೆ ಪುಸ್ತಕ ಮುಚ್ಚಿ, "ಹಾಗೇನಾದ್ರೂ ಆದ್ರೆ ನಾನೇ ಓದಿ ಹೇಳ್ತೀನಿ ಅತ್ತೆ, ದಿನಾ ಬರ್ತೀನಿ" ಎಂದರು. ಅತ್ತೆ ಕಣ್ಣೊರೆಸಿಕೊಂಡರು. "ಬನ್ನಿ. ಆದ್ರೆ ಉಪದೇಶದ ಧಾಟೀಲಿ ಓದ್ಬೇಡಿ, ನಿದ್ದೆ ಬಂದ್ಬಿಡುತ್ತೆ."